ಕಾನೂನು ಮೇಷ್ಟ್ರು ವಿಶ್ವವಿದ್ಯಾಲಯ ನಡೆಸುವ ತನಕ: ಗುಬ್ಬಿಯ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಾನು ಗುಬ್ಬಿ ತಾಲ್ಲೂಕಿನವಳು. ಎಲ್‌ಎಲ್‌ಎಂ ಮುಗಿಸಿ ತುಮಕೂರಿನ ಒಂದು ಕಾನೂನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಗಂಟೆ ಲೆಕ್ಕದ ಸಂಬಳ. 'ಕರಿ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗು, ಪಾಠ ಮಾಡ್ಕೊಂಡು ಏನು ಸಿಗುತ್ತೆ' ಅಂತ ಅಪ್ಪ ಹೇಳುತ್ತಾರೆ. ಮಾಧವ ಮೆನನ್ ಅವರ ಬಗ್ಗೆ ಓದಿದ ಮೇಲೆ ಒಂದು ಆಸೆ ಹುಟ್ಟಿದೆ. ಕಾನೂನು ಪಾಠ ಮಾಡುವವರು ವಿಶ್ವವಿದ್ಯಾಲಯವನ್ನೇ ನಡೆಸುವ ಮಟ್ಟಕ್ಕೆ ಹೋಗುವುದು ಹೇಗೆ? ಜಿಲ್ಲಾ ಕಾಲೇಜಿನಲ್ಲಿರುವ ನಮ್ಮಂಥವರಿಗೂ ಆ ದಾರಿ ಇದೆಯಾ? ನಾನೀಗ ಮಾಡುತ್ತಿರುವ ಪಾಠ ಅನುಭವ ಅಂತ ಲೆಕ್ಕಕ್ಕೆ ಬರುತ್ತಾ?

ಉತ್ತರ: ದಾರಿ ಇದೆ ತಾಯಿ. ತುಂಬಾ ಉದ್ದದ ದಾರಿ, ಆದರೆ ಇದೆ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾನೂನು ಪಾಠ ಮಾಡಿ ನಿವೃತ್ತನಾದವನು. ನಿಮ್ಮ ಅಪ್ಪ ಹೇಳಿದ ಮಾತನ್ನು ನಮ್ಮಪ್ಪನೂ ಹೇಳಿದ್ದರು. ಅದರಲ್ಲಿ ಪ್ರೀತಿ ಇದೆ, ಹೆದರಿಕೆಯೂ ಇದೆ. ಹಾಗಾಗಿ ಅದನ್ನು ತಳ್ಳಿಹಾಕದೆ ಕೊನೆಗೆ ಅದಕ್ಕೂ ಬರುತ್ತೇನೆ.

ಮೊದಲು ಮೆನನ್ ಅವರ ವಿಚಾರ. ಅವರ ಬದುಕನ್ನು ಜನ ಕೊನೆಯಿಂದ ಓದುತ್ತಾರೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದರು, ಆಮೇಲೆ ಕೋಲ್ಕತ್ತದಲ್ಲಿ ಇನ್ನೊಂದು ಕಾನೂನು ವಿಶ್ವವಿದ್ಯಾಲಯ ಕಟ್ಟಿದರು, ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಗೆ ಮೊದಲ ನಿರ್ದೇಶಕರಾದರು, 2003ರಲ್ಲಿ ಪದ್ಮಶ್ರೀ ಬಂತು. ಎಲ್ಲ ನಿಜ. ಆದರೆ ನಿಮಗೆ ಬೇಕಾಗಿರುವುದು ಅದಕ್ಕೂ ಹಿಂದಿನ ಕಥೆ.

ಅವರು ಹುಟ್ಟಿದ್ದು 1935ರಲ್ಲಿ, ತಿರುವನಂತಪುರದಲ್ಲಿ. 1956ರಲ್ಲಿ ವಕೀಲರಾಗಿ ಹೆಸರು ನೋಂದಾಯಿಸಿದರು. ಅಂದರೆ ನಿಮ್ಮ ಅಪ್ಪ ಹೇಳುವ ಕರಿ ಕೋಟು ಅವರೂ ಹಾಕಿದ್ದರು. ಆಮೇಲೆ ದೆಹಲಿಯಲ್ಲಿ ಸರ್ಕಾರಿ ಕೆಲಸ. ಅಲ್ಲಿಂದ ಅಲಿಗಢಕ್ಕೆ ಹೋಗಿ ಎಲ್‌ಎಲ್‌ಎಂ, ಪಿಎಚ್‌ಡಿ ಮಾಡಿ ಮೇಷ್ಟ್ರಾದರು. ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ. ಅಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಡವರಿಗೆ ಕಾನೂನು ನೆರವು ಕೊಡುವ ಕ್ಲಿನಿಕ್ ನಡೆಸಿದರು. ಕಾನೂನನ್ನು ಪುಸ್ತಕದಿಂದ ಮಾತ್ರ ಕಲಿಸಲು ಆಗಲ್ಲ, ಕಷ್ಟ ಹೇಳಿಕೊಂಡು ಬಂದ ಮನುಷ್ಯನ ಎದುರು ಕೂತು ಕಲಿಯಬೇಕು ಅನ್ನೋದು ಅವರ ಹಟ. ಭಾರತೀಯ ವಕೀಲರ ಪರಿಷತ್ತಿನ ಟ್ರಸ್ಟ್‌ನಲ್ಲೂ ಕೆಲಸ ಮಾಡಿದರು. ಹೊಸ ಬಗೆಯ ಕಾನೂನು ಶಾಲೆಯ ಯೋಚನೆ ಹದವಾಗಿದ್ದು ಅಲ್ಲಿ.

ಬೆಂಗಳೂರಿಗೆ ಬಂದು ಲಾ ಸ್ಕೂಲ್ ಕಟ್ಟಲು ಕೂತಾಗ ಅವರ ವಯಸ್ಸು 50 ದಾಟಿತ್ತು. ಇದನ್ನು ಗಮನಿಸಿ. ಅದಕ್ಕೂ ಮುಂಚೆ ಸುಮಾರು ಕಾಲು ಶತಮಾನ ತರಗತಿಯಲ್ಲಿ ಕಳೆದಿದ್ದರು.

ಲಾ ಸ್ಕೂಲಿನ ಕಾಯ್ದೆ ನಮ್ಮ ವಿಧಾನಮಂಡಲ ಮಾಡಿದ್ದು, 1986ರಲ್ಲಿ. ಮೊದಲ ಬ್ಯಾಚ್ ಸೇರಿದ್ದು 1988ರಲ್ಲಿ. ಆಗ ಹೆಚ್ಚಿನ ಕಡೆ ಕಾನೂನು ಅಂದರೆ ಡಿಗ್ರಿ ಆದ ಮೇಲೆ ಮೂರು ವರ್ಷ, ಎಷ್ಟೋ ಕಡೆ ಸಂಜೆ ಕಾಲೇಜು. ಮೆನನ್ ಅದನ್ನು ಪಿಯುಸಿ ಆದ ಮೇಲಿನ ಐದು ವರ್ಷದ ಓದಾಗಿ ಮಾಡಿದರು. ಕಾನೂನಿನ ಜೊತೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಸೇರಿಸಿದರು. ವರ್ಷಕ್ಕೆ ಮೂರು ಅವಧಿ. ಪ್ರತಿ ವಿಷಯಕ್ಕೂ ಸ್ವಂತ ಪ್ರಬಂಧ. ಜೊತೆಗೆ ಅಣಕು ನ್ಯಾಯಾಲಯದ (ಮೂಟ್ ಕೋರ್ಟ್) ಅಭ್ಯಾಸ. ಇವತ್ತು ನಿಮ್ಮ ಕಾಲೇಜಿನಲ್ಲಿ ಐದು ವರ್ಷದ ಕೋರ್ಸ್ ಇದ್ದರೆ, ಮೂಟ್ ಕೋರ್ಟ್‌ಗೆ ಅಂಕ ಇದ್ದರೆ, ಅದರ ಹಿಂದೆ ಆ ಪ್ರಯೋಗದ ಕೈ ಇದೆ.

ನನಗೆ ಅವರಲ್ಲಿ ಇಷ್ಟವಾಗುವುದು ಇದೇ. ತರಗತಿಯಲ್ಲಿ ಇಪ್ಪತ್ತೈದು ವರ್ಷ ಏನು ಸರಿಯಿಲ್ಲ ಅಂತ ಅನ್ನಿಸಿತ್ತೋ ಅದನ್ನೇ ಸಂಸ್ಥೆಯಾಗಿ ಕಟ್ಟಿದರು. ಒಂದು ಕೊರಗೂ ಇದೆ, ಹೇಳಿಬಿಡುತ್ತೇನೆ. ಆ ಮಾದರಿಯ ಶಾಲೆಗಳ ಫೀಸು ಇವತ್ತು ಶಿರಾ, ಪಾವಗಡದ ಮಕ್ಕಳ ಕೈಗೆ ಎಟುಕುವುದು ಕಷ್ಟ. ಓದಿದ ಮಕ್ಕಳಲ್ಲಿ ತುಂಬಾ ಜನ ದೊಡ್ಡ ಕಂಪನಿಗಳ ವಕೀಲಿಕೆಗೆ ಹೋದರು. ಹಾಗಾಗಿ ನಮ್ಮ ಜಿಲ್ಲಾ ಕೋರ್ಟುಗಳಿಗೆ ವಕೀಲರನ್ನು ಕೊಡುತ್ತಿರುವುದು ಈಗಲೂ ನಿಮ್ಮದರಂಥ ಕಾಲೇಜುಗಳೇ. ನಿಮ್ಮ ಕೆಲಸ ಸಣ್ಣದು ಅಂತ ಯಾವತ್ತೂ ಅಂದುಕೊಳ್ಳಬೇಡಿ.

ಮೆನನ್ ಒಬ್ಬರೇ ಅಲ್ಲ. ಉಪೇಂದ್ರ ಬಕ್ಷಿ ಅವರು 1982ರಿಂದ 85ರ ತನಕ ಸೂರತ್‌ನ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯಕ್ಕೆ, 1990ರಿಂದ 94ರ ತನಕ ದೆಹಲಿ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿದ್ದರು. ಎರಡೂ ಬರೀ ಕಾನೂನಿನ ಸಂಸ್ಥೆಗಳಲ್ಲ, ವಿಜ್ಞಾನ, ಕಲೆ, ವಾಣಿಜ್ಯ ಎಲ್ಲ ಇರುವ ದೊಡ್ಡ ಸಂಸಾರ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟಿತ್ತು. ಇದೇ ಬಕ್ಷಿ 1979ರಲ್ಲಿ ಆ ತೀರ್ಪನ್ನು ಪ್ರಶ್ನಿಸಿ ಇನ್ನು ಮೂವರ ಜೊತೆ ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದಿದ್ದರು. ಅತ್ಯಾಚಾರದ ಕಾನೂನು 1983ರಲ್ಲಿ ಬದಲಾಗುವುದಕ್ಕೆ ಆ ಪತ್ರ ಎಬ್ಬಿಸಿದ ಚರ್ಚೆ ದೊಡ್ಡ ಕಾರಣ. ಅಂದರೆ ಅಧಿಕಾರದ ಕುರ್ಚಿಗೆ ಬರುವ ಮುಂಚೆಯೇ, ಮೇಷ್ಟ್ರಾಗಿ ದೊಡ್ಡ ಮಾತು ಆಡಿದ್ದರು. ನಮ್ಮವರೇ ಆದ ಪಿ. ಈಶ್ವರ ಭಟ್ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ಮಾಡಿದವರು; ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವನ್ನೂ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವನ್ನೂ ನಡೆಸಿದರು. ಬೆಂಗಳೂರಿನ ಲಾ ಸ್ಕೂಲ್‌ಗೆ 2019ರಲ್ಲಿ ಕುಲಪತಿಯಾದ ಸುಧೀರ್ ಕೃಷ್ಣಸ್ವಾಮಿ ಅದೇ ಶಾಲೆಯ ಹಳೇ ವಿದ್ಯಾರ್ಥಿ.

'ನಮ್ಮ ಕಡೆಯವರಿಗೆ ಆಗುತ್ತಾ' ಅಂತ ಕೇಳಿದ್ದೀರಲ್ಲ, ಅದಕ್ಕೆ ಕಾನೂನಿನವರಲ್ಲದಿದ್ದರೂ ಒಬ್ಬರನ್ನು ನೆನೆಯಬೇಕು. ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ, ಓದಲು ಊರಿಂದ ಬೆಂಗಳೂರಿಗೆ ನಡೆದೇ ಹೋದವರು. ಭೌತಶಾಸ್ತ್ರದ ಮೇಷ್ಟ್ರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಕೊನೆಯ ತನಕ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್ ಅಷ್ಟೆ ಅಲ್ವಾ.

ಸರಿ, ಕಾನೂನಿನವರಿಗೆ ಈ ಕೆಲಸ ಯಾಕೆ ಒಗ್ಗುತ್ತೆ? ವಿಶ್ವವಿದ್ಯಾಲಯ ಅನ್ನೋದೇ ಕಾಯ್ದೆಯ ಕೂಸು. 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾಲಯ, 2017ರಲ್ಲಿ ಕೋಲಾರಕ್ಕೆ ಬಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಎರಡೂ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ. ಆಡಳಿತ ನೋಡುವ ಸಿಂಡಿಕೇಟ್‌ಗೆ ಏನು ಅಧಿಕಾರ, ಪಾಠ ಪರೀಕ್ಷೆ ನೋಡುವ ವಿದ್ಯಾವಿಷಯಕ ಪರಿಷತ್ತಿಗೆ ಏನು, ಕುಲಪತಿ ಒಬ್ಬರೇ ಯಾವುದನ್ನು ತೀರ್ಮಾನಿಸಬಹುದು, ಎಲ್ಲ ಅದರಲ್ಲಿದೆ. ಅದನ್ನು ಓದದೆ ಸಹಿ ಹಾಕಿದವರು ಹೈಕೋರ್ಟಿನಲ್ಲಿ ನಿಲ್ಲುತ್ತಾರೆ.

ನಿಲ್ಲುವುದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ರೀಡರ್ ಒಬ್ಬರ ನೇಮಕವನ್ನು ಹೈಕೋರ್ಟ್ ರದ್ದು ಮಾಡಿತ್ತು. ವಿಷಯ ತಜ್ಞರು ಕೂತು ಆರಿಸಿದ ಮೇಲೆ ಕೋರ್ಟುಗಳು ಸುಲಭಕ್ಕೆ ಕೈ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1963ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಇವತ್ತಿಗೂ ಪ್ರತಿ ನೇಮಕಾತಿ ಕೇಸಿನಲ್ಲಿ ಆ ತೀರ್ಪು ಓದುತ್ತಾರೆ. ಹಾಗಂತ ನಿಯಮವನ್ನೇ ಮುರಿದರೆ ರಕ್ಷಣೆ ಇಲ್ಲ. 2022ರಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹತ್ತು ವರ್ಷ ಪ್ರಾಧ್ಯಾಪಕರಾಗಿರಬೇಕು ಅನ್ನುವ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಪಾಲಿಸಿರಲಿಲ್ಲ. ಅದೇ ವರ್ಷ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ನೇಮಕವೂ ಬಿತ್ತು. ಅಲ್ಲಿ ಕುಲಪತಿ ಹುದ್ದೆಗೆ ಹೆಸರು ಹುಡುಕಿ ಕೊಡುವ ಶೋಧನಾ ಸಮಿತಿ ಪಟ್ಟಿಯ ಬದಲು ಒಂದೇ ಹೆಸರು ಕಳಿಸಿತ್ತು.

ನಿಮ್ಮ ಊರಿನ ಕೇಸನ್ನೇ ತಗೊಳ್ಳಿ. ದೇಶದ ಯಾವ ಕಾನೂನು ವಿದ್ಯಾರ್ಥಿಯೂ ಓದದೇ ಬಿಡದ 1992ರ ಮೋಹಿನಿ ಜೈನ್ ತೀರ್ಪು ಶುರುವಾಗಿದ್ದು ತುಮಕೂರಿನ ಅಗಳಕೋಟೆಯ ಮೆಡಿಕಲ್ ಕಾಲೇಜಿನ ಸೀಟಿನಿಂದ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಬೇರೆ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000 ಅಂತ ಸರ್ಕಾರದ ಅಧಿಸೂಚನೆ ಇತ್ತು. ಮೀರತ್‌ನ ಹುಡುಗಿ ಅದನ್ನು ಪ್ರಶ್ನಿಸಿದರು. ಶಿಕ್ಷಣ ಒಂದು ಹಕ್ಕು, ಸೀಟಿಗೆಂದು ಹೆಚ್ಚಿಗೆ ವಸೂಲಿ ಮಾಡುವ ಕ್ಯಾಪಿಟೇಷನ್ ಫೀ ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರು ವರ್ಷವೇ ಉನ್ನಿಕೃಷ್ಣನ್ ತೀರ್ಪು ಅದನ್ನು ತಿದ್ದಿ, ಉಚಿತ ಶಿಕ್ಷಣದ ಹಕ್ಕನ್ನು 14 ವರ್ಷದ ತನಕ ಅಂತ ಮಿತಿಗೊಳಿಸಿತು. ನಾನು ಈ ಪಾಠ ಮಾಡುವಾಗ ಹುಡುಗರಿಗೆ ಜಾಗದ ಹೆಸರು ಕೊನೆಗೆ ಹೇಳುತ್ತಿದ್ದೆ. ದಿನಾ ಬಸ್ಸಿನಲ್ಲಿ ದಾಟುವ ಜಾಗ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು.

ಆದರೆ ಕಾಯ್ದೆ ಗೊತ್ತಿರುವುದಕ್ಕಿಂತ ದೊಡ್ಡದು ಇನ್ನೊಂದಿದೆ. ಅದು ಎರಡೂ ಕಡೆ ಕೇಳುವ ಅಭ್ಯಾಸ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಪರೀಕ್ಷಾ ಅಕ್ರಮ ವಿಚಾರಣಾ ಸಮಿತಿಯಲ್ಲಿದ್ದೆ. ಒಬ್ಬ ಹುಡುಗನ ಫೈಲು ಬಂತು. ಚೀಟಿ ಸಿಕ್ಕಿದೆ, ವಿಚಾರಣೆಗೆ ಬಂದಿಲ್ಲ, ಎರಡು ಪರೀಕ್ಷೆಗೆ ಕೂರಿಸಬಾರದು ಅಂತ ಟಿಪ್ಪಣಿ ಸಿದ್ಧವಾಗಿತ್ತು. ಐದು ನಿಮಿಷದ ಕೆಲಸ. ಊಟದ ಹೊತ್ತು ಬೇರೆ ಆಗಿತ್ತು. ನೋಟಿಸ್ ಮುಟ್ಟಿದೆಯಾ ಅಂತ ಕೇಳಿದೆ. ಅಂಚೆಯ ಸ್ವೀಕೃತಿ ಇರಲಿಲ್ಲ. ಹುಡುಕಿಸಿದರೆ ನೋಟಿಸ್ ಅವನ ಹಳೇ ವಿಳಾಸಕ್ಕೆ ಹೋಗಿತ್ತು. ಹುಡುಗ ಅದೇ ಊರಿನ ಹಾಸ್ಟೆಲ್‌ನಲ್ಲಿದ್ದ, ನಮ್ಮ ಆಫೀಸಿನಿಂದ ನಡೆದು ಹೋಗುವ ದೂರ. ಕರೆಸಿದೆವು. ಚೀಟಿಯ ಅಕ್ಷರ ಅವನದ್ದಾಗಿರಲಿಲ್ಲ, ಅದರಲ್ಲಿ ಬರೆದಿದ್ದು ಆ ದಿನದ ವಿಷಯವೂ ಆಗಿರಲಿಲ್ಲ. ಅವನು ಅಳುತ್ತಾ ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಒಂದು ವರ್ಷದ ಬದುಕು ಒಂದು ವಿಳಾಸದಲ್ಲಿ ಸಿಕ್ಕಿಕೊಂಡಿತ್ತು. ತರಗತಿಯಲ್ಲಿ ಸಹಜ ನ್ಯಾಯ ಅಂತ ಎರಡು ದಿನ ಪಾಠ ಮಾಡುತ್ತೇವಲ್ಲ, ಆಡಳಿತದಲ್ಲಿ ಅದು ಹೀಗೆ ಎದುರಾಗುತ್ತೆ.

ಕಾನೂನಿನವರು ಆಡಳಿತದಲ್ಲಿ ಎಡವುವುದನ್ನೂ ಕಂಡಿದ್ದೇನೆ. ಎಲ್ಲವನ್ನೂ ವ್ಯಾಜ್ಯದ ಹಾಗೆ ನೋಡುವುದು ನಮ್ಮ ರೋಗ. ನೀರು ಬರುತ್ತಿಲ್ಲ ಅಂತ ಹಾಸ್ಟೆಲ್ ಹುಡುಗಿಯರು ಬಂದರೆ ಮೊದಲು ಪೈಪ್ ರಿಪೇರಿ ಮಾಡಿಸಬೇಕು. ಯಾವ ನಿಯಮದಡಿ ಮನವಿ ಕೊಟ್ಟಿದ್ದಾರೆ ಅಂತ ನೋಡುವ ಹೊತ್ತು ಅದಲ್ಲ. ಪ್ರಯೋಗಾಲಯ, ಕಟ್ಟಡ, ಬಜೆಟ್ ಇವೆಲ್ಲ ನಮಗೆ ತಿಳಿಯದ ಲೋಕ. ಹಣಕಾಸು ಅಧಿಕಾರಿಯ ಪಕ್ಕ ಕೂತು ಕಲಿಯುವ ತಾಳ್ಮೆ ಬೇಕು.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಹೇಳುತ್ತಿರುವುದು ಯುಜಿಸಿಯ 2018ರ ನಿಯಮಗಳನ್ನು. 2025ರ ಜನವರಿಯಲ್ಲಿ ಇವನ್ನು ಬದಲಿಸುವ ಕರಡೂ ಬಂತು, ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಜಾರಿಯಲ್ಲಿರುವುದನ್ನು ಒಮ್ಮೆ ನೋಡಿಕೊಳ್ಳಿ.

ಸಹಾಯಕ ಪ್ರಾಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ 55 ಪರ್ಸೆಂಟ್, ಜೊತೆಗೆ ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ), ಇಲ್ಲವೇ ನಿಯಮದ ಪ್ರಕಾರ ಮಾಡಿದ ಪಿಎಚ್‌ಡಿ. ಯುಜಿಸಿ ವೇತನದ ಮೂಲ ಸಂಬಳ 57,700 ರೂಪಾಯಿಯಿಂದ ಶುರು. ಬಡ್ತಿಯ ದಾರಿಯಲ್ಲೇ ಹೋದರೆ, ಪಿಎಚ್‌ಡಿ ಇದ್ದವರಿಗೆ ಮೊದಲ ಮೆಟ್ಟಿಲಿಗೆ 4 ವರ್ಷ, ಮುಂದಿನದಕ್ಕೆ 5, ಅಲ್ಲಿಂದ ಸಹ ಪ್ರಾಧ್ಯಾಪಕ ಆಗಲು 3, ಪ್ರಾಧ್ಯಾಪಕ ಆಗಲು ಮತ್ತೆ 3. ಒಟ್ಟು 15 ವರ್ಷ. ಬರೀ ಎಲ್‌ಎಲ್‌ಎಂ ಇದ್ದರೆ ಮೊದಲ ಮೆಟ್ಟಿಲಿಗೇ 5 ವರ್ಷ, ಮತ್ತೆ ಪಿಎಚ್‌ಡಿ ಇಲ್ಲದೆ ಸಹ ಪ್ರಾಧ್ಯಾಪಕ ಹುದ್ದೆ ಸಿಗಲ್ಲ. ನೇರ ನೇಮಕಾತಿ ಇನ್ನೂ ಬೇಗ. ಪಿಎಚ್‌ಡಿ, 8 ವರ್ಷದ ಬೋಧನೆ, 7 ಲೇಖನ ಇದ್ದರೆ ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. 10 ವರ್ಷ, 10 ಲೇಖನ ಇದ್ದರೆ ಪ್ರಾಧ್ಯಾಪಕ ಹುದ್ದೆಗೆ. ಸಂಶೋಧನಾ ಅಂಕವೂ ಬೇಕು, ಮೊದಲನೆಯದಕ್ಕೆ 75, ಎರಡನೆಯದಕ್ಕೆ 120.

ಕುಲಪತಿಯಾಗಲು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ 10 ವರ್ಷದ ಅನುಭವ. 'ವಿಶ್ವವಿದ್ಯಾಲಯದಲ್ಲಿ' ಅನ್ನುವ ಪದಕ್ಕೆ ಅಡಿಗೆರೆ ಎಳೆಯಿರಿ. ಕಾಲೇಜಿನಲ್ಲಿ ಎಷ್ಟೇ ಚೆನ್ನಾಗಿ ಪಾಠ ಮಾಡಿದರೂ, ಒಂದು ಹಂತದಲ್ಲಿ ವಿಶ್ವವಿದ್ಯಾಲಯದ ವಿಭಾಗಕ್ಕೆ ದಾಟಬೇಕು. ಜಿಲ್ಲಾ ಕಾಲೇಜಿನ ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಇದನ್ನು ಐವತ್ತನೇ ವಯಸ್ಸಿನಲ್ಲಿ ತಿಳಿದುಕೊಂಡು ಕೈ ಹಿಸುಕಿಕೊಂಡಿದ್ದನ್ನು ನೋಡಿದ್ದೇನೆ. ನಿಮಗೆ ಈಗಲೇ ಗೊತ್ತಿರಲಿ.

ಅದಾದ ಮೇಲೆ ಶೋಧನಾ ಸಮಿತಿ. ನಮ್ಮ ರಾಜ್ಯದ ಕಾಯ್ದೆಯಲ್ಲಿ ಅದು ಮೂರು ಹೆಸರು ಕೊಡುತ್ತೆ, ಅವುಗಳಲ್ಲಿ ಒಬ್ಬರನ್ನು ನಾಲ್ಕು ವರ್ಷಕ್ಕೆ ನೇಮಿಸುತ್ತಾರೆ. ಆ ಹಂತದಲ್ಲಿ ರಾಜಕೀಯ, ಜಾತಿ, ಓಡಾಟ ಇಲ್ಲ ಅಂತ ಹೇಳಿದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಅದು ನಿಮ್ಮ ಕೈಯಲ್ಲಿಲ್ಲ. ಮೂರು ಹೆಸರಿನೊಳಗೆ ಬರುವ ಅರ್ಹತೆ ಗಳಿಸುವುದು ನಿಮ್ಮ ಕೈಯಲ್ಲಿದೆ.

ಹಾಗಾಗಿ ಈ ವರ್ಷ ನೆಟ್ ಬರೆಯಿರಿ. ವರ್ಷಕ್ಕೆ ಎರಡು ಸಲ ನಡೆಯುತ್ತೆ. ಜೊತೆಗೇ ಪಿಎಚ್‌ಡಿಗೆ ಪ್ರಯತ್ನ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಮೂರೂ ಕಡೆ ಪ್ರಕಟಣೆ ಗಮನಿಸುತ್ತಿರಿ. ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಮಾಡಲು 2022ರ ನಿಯಮದಲ್ಲಿ ಅವಕಾಶ ಇದೆ. ಕಾಲೇಜಿನ ಒಪ್ಪಿಗೆ ಪತ್ರ ಬೇಕು. ಕನಿಷ್ಠ 3 ವರ್ಷ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿಗೆ ಸಿಗುತ್ತೆ, 240 ದಿನಗಳ ತನಕ ಹೆರಿಗೆ ರಜೆಯೂ ಇದೆ. ಮದುವೆಯ ಮಾತು ಬಂದಾಗ ಮನೆಯವರಿಗೆ ಇದನ್ನು ತೋರಿಸಿ.

ಪಿಎಚ್‌ಡಿ ವಿಷಯಕ್ಕೆ ದೂರ ಹೋಗಬೇಡಿ. ನಿಮ್ಮ ಕಾಲೇಜಿನ ಕಾನೂನು ನೆರವು ಘಟಕದ ಜವಾಬ್ದಾರಿ ಕೇಳಿ ತಗೊಳ್ಳಿ. ಸಾಮಾನ್ಯವಾಗಿ ಯಾರಿಗೂ ಬೇಡವಾದ ಕೆಲಸ ಅದು. ಗುಬ್ಬಿ ತಾಲ್ಲೂಕಿನ ಹಳ್ಳಿಗಳಿಗೆ ಹುಡುಗರನ್ನು ಕರೆದುಕೊಂಡು ಹೋಗಿ ಶನಿವಾರ ಕೂತರೆ ಸಾಕು. ಅಪ್ಪ ಸತ್ತು ಹತ್ತು ವರ್ಷವಾದರೂ ಪೌತಿ ಖಾತೆ ಆಗದ ಮನೆ, ಪೋಡಿ ಆಗದೆ ಅಣ್ಣ ತಮ್ಮಂದಿರು ಮಾತು ಬಿಟ್ಟ ತೋಟ, ತವರಿನ ಪಾಲು ಕೇಳಲು ಹೆದರುವ ಹೆಣ್ಣುಮಕ್ಕಳು, ಎಲ್ಲ ನಿಮ್ಮ ಮುಂದೆ ಬಂದು ಕೂರುತ್ತಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಅದು ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಎಷ್ಟು ಇಳಿದಿದೆ ಅಂತ ನೀವು ನೋಡಿ ಬರೆದರೆ, ಅದು ದೆಹಲಿಯಲ್ಲಿ ಕೂತವರು ಬರೆಯಲಾಗದ ಸಂಶೋಧನೆ. ಮೆನನ್ ಅವರ ಕ್ಲಿನಿಕ್ ಮಾಡಿದ್ದೂ ಇಂಥದ್ದೇ ಕೆಲಸ. ಘಟಕ ನಡೆಸುವಾಗ ಖರ್ಚಿನ ಲೆಕ್ಕ, ಪತ್ರ ವ್ಯವಹಾರ, ನ್ಯಾಯಾಧೀಶರನ್ನು ಕಂಡು ಮಾತಾಡುವುದು, ಜಗಳವಾಡುವ ಹುಡುಗರನ್ನು ಒಟ್ಟಿಗೆ ಇಟ್ಟುಕೊಳ್ಳುವುದು, ಎಲ್ಲ ಕಲಿಯುತ್ತೀರಿ. ಆಡಳಿತದ ಮೊದಲ ಪಾಠಗಳು ಅವೇ.

ಇನ್ನು ನಿಮ್ಮ ಅಪ್ಪನಿಗೆ. ವಕೀಲಿಕೆ ಮಾಡುತ್ತಲೇ ದಿನಕ್ಕೆ ಮೂರು ಗಂಟೆ ಮೀರದ ಹಾಗೆ ಕಾನೂನು ಪಾಠ ಮಾಡಲು ವಕೀಲರಿಗೆ 1979ರ ನಿಯಮ ಅವಕಾಶ ಕೊಡುತ್ತೆ. ಈಗ ಗಂಟೆ ಲೆಕ್ಕದಲ್ಲಿ ಇರುವ ನೀವು ಸನ್ನದು (ವಕೀಲಿಕೆಯ ನೋಂದಣಿ) ಇಟ್ಟುಕೊಂಡು, ಒಬ್ಬ ಒಳ್ಳೆಯ ಸೀನಿಯರ್ ಹತ್ತಿರ ಎರಡು ವರ್ಷ ಕೋರ್ಟ್ ನೋಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಕೋರ್ಟಿಗೆ ಹೋಗದವರು ಪಾಠ ಮಾಡಿದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತೆ. ಅಪ್ಪನ ಮಾತು ಅಷ್ಟರ ಮಟ್ಟಿಗೆ ಸರಿ. ಪೂರ್ಣಾವಧಿ ಕೆಲಸ ಸಿಕ್ಕ ದಿನ ವಕೀಲಿಕೆ ನಿಲ್ಲಿಸಬೇಕು, ಎರಡೂ ನಡೆಯಲ್ಲ. ಆ ದಿನ ಬಂದಾಗ ಪಾಠವನ್ನೇ ಆರಿಸಿಕೊಳ್ಳಿ ಅಂತ ನನ್ನ ಆಸೆ. ನಿಮ್ಮ ಕಾಗದದಲ್ಲಿ ಮೇಷ್ಟ್ರ ಮನಸ್ಸು ಕಂಡೆ.

ಕೊನೆಯ ಪ್ರಶ್ನೆ, ಈಗಿನ ಪಾಠ ಲೆಕ್ಕಕ್ಕೆ ಬರುತ್ತಾ ಅಂತ. ನೇರ ಉತ್ತರ: ಗಂಟೆ ಲೆಕ್ಕದ್ದು ಸಾಮಾನ್ಯವಾಗಿ ಬರಲ್ಲ. ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ, ಆ ಹುದ್ದೆಗೆ ಬೇಕಾದ ಅರ್ಹತೆ ನಿಮಗೆ ಆಗಲೇ ಇರಬೇಕು, ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಸಂಬಳವೂ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಸಂಬಳಕ್ಕಿಂತ ಕಡಿಮೆ ಇರಬಾರದು. ಹೊಸ ಕೆಲಸ ಸಿಕ್ಕಾಗ ಮೊದಲ ದಿನವೇ ಈ ಮೂರನ್ನೂ ಆದೇಶದಲ್ಲಿ ನೋಡಿಕೊಳ್ಳಿ. ಆಯ್ಕೆ ಸಮಿತಿಯ ಪ್ರಸ್ತಾಪ ಆದೇಶದಲ್ಲಿ ಇಲ್ಲದಿದ್ದರೆ ಸೇರಿಸಿ ಕೊಡಿ ಅಂತ ಮರ್ಯಾದೆಯಿಂದ ಕೇಳಿ, ಸಂಕೋಚ ಬೇಡ. ರಜೆ ಹಾಕದೆ ಪಾಠದ ಜೊತೆಜೊತೆಗೇ ಪಿಎಚ್‌ಡಿ ಮಾಡಿದರೆ ಆ ವರ್ಷಗಳೂ ಬೋಧನಾ ಅನುಭವಕ್ಕೆ ಸೇರುತ್ತವೆ; ರಜೆ ಹಾಕಿ ಮಾಡಿದರೆ ಸೇರಲ್ಲ. ನೇಮಕಾತಿ ಆದೇಶ, ಸಂಬಳದ ಚೀಟಿ, ಕೆಲಸಕ್ಕೆ ಹಾಜರಾದ ವರದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಇಪ್ಪತ್ತೈದು ವರ್ಷದ ನಂತರ ಶೋಧನಾ ಸಮಿತಿಯ ಮೇಜಿನ ಮೇಲೆ ಕೇಳುವ ಮೊದಲ ಕಾಗದ ಅದೇ ಆಗಿರುತ್ತೆ.